ಮನೆಮಂದಿಯ ಆಟ ಚೌಕಾಬಾರ: ಮಕ್ಕಳಿಗೆ ಕಲಿಸುವ ಬಗೆ

ಹೊಟ್ಟೆಪಾಡಿಗಾಗಿ ಪರನಾಡಿಗೆ ಬಂದು ನೆಲೆಸಿದ ಅನೇಕ ಸಂಸಾರಗಳಲ್ಲಿ ತಾಯ್ನುಡಿ ಮೊದಲು ಸೊರಗುವುದು ಎಣಿಕೆಯಲ್ಲಿ. ‘ಅಮ್ಮಾ, ಹಸಿವು’ ಎಂದು ಕನ್ನಡದಲ್ಲಿ ಕೇಳುವ ಮಗುವೇ ಗೋಲಿಗಳನ್ನು ಎಣಿಸುವಾಗ ಮರಾಠಿಗೋ ಇಂಗ್ಲಿಷಿಗೋ ಹೊರಳುತ್ತದೆ. ಶಾಲೆಯಲ್ಲಿ ಕಲಿತ ಲೆಕ್ಕ ಶಾಲೆಯ ಭಾಷೆಯಲ್ಲೇ ಬರುವುದು ಸಹಜ. ಆದರೆ ಎಣಿಕೆ ಹೋದ ದಾರಿಯಲ್ಲಿಯೇ ಒಗಟು, ಗಾದೆ, ಹಾಸ್ಯಗಳೂ ಹೋಗುತ್ತವೆ. ಕೊನೆಗೆ ಅಡಿಗೆಮನೆಯ ನಾಲ್ಕು ಮಾತುಗಳಷ್ಟೇ ಉಳಿಯುತ್ತವೆ.

ನಾಸಿಕದ ಅಂಬಡ್‌ನಂತಹ ಕೈಗಾರಿಕಾ ವಸಾಹತುವಿನಲ್ಲಿಯೂ ಅದಕ್ಕೆ ಹೊಂದಿಕೊಂಡ ಸಿಡ್ಕೊ ಬಡಾವಣೆಯಲ್ಲಿಯೂ ವಾಸಿಸುವ ಕುಟುಂಬದ ದಿನಚರಿಯನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ. ತಂದೆಗೆ ಕಾರ್ಖಾನೆಯ ಪಾಳಿ. ತಾಯಿಗೆ ಮನೆಯ ಅಥವಾ ಹೊರಗಿನ ದುಡಿಮೆ. ಮಕ್ಕಳಿಗೆ ಶಾಲೆ ಮತ್ತು ಟ್ಯೂಷನ್. ಊರಿನಿಂದ ಬರುವ ಅಜ್ಜ ಅಜ್ಜಿಯರು ಎರಡು ಮೂರು ತಿಂಗಳು ಇದ್ದು ಹೋಗುತ್ತಾರೆ. ಮೊಮ್ಮಕ್ಕಳ ಮೇಲೆ ಅಕ್ಕರೆ ಎಷ್ಟಿದ್ದರೂ ‘ಊಟ ಆಯಿತೇ’, ‘ಪಾಠ ಓದಿದೆಯಾ’ ಎಂದ ಬಳಿಕ ಮಾತು ಮುಂದೆ ಸಾಗುವುದಿಲ್ಲ. ಮಗು ಮೊಬೈಲಿನ ಕಡೆಗೆ, ಅಜ್ಜಿ ಕಿಟಕಿಯ ಕಡೆಗೆ ಮುಖ ಮಾಡುತ್ತಾರೆ. ಇಂತಹ ಮನೆಗೆ ಬೇಕಾದದ್ದು ಎರಡು ತಲೆಮಾರುಗಳನ್ನು ಎದುರುಬದುರು ಕೂರಿಸುವ ಒಂದು ನೆಪ. ಆ ನೆಪವೇ ಆಟ.

ವಲಸೆ ಹೋದ ಇತರ ಜನರೂ ಈ ಉಪಾಯವನ್ನು ಕಂಡುಕೊಂಡಿದ್ದಾರೆ. ಸಿಂಗಪುರ, ಮಲೇಶಿಯಾ, ಅಮೆರಿಕ ಮುಂತಾದ ಕಡೆ ನೆಲೆಸಿದ ಚೀನೀಯರು ಮಾಜಾಂಗ್ ಎಂಬ ಆಟವನ್ನು ತಮ್ಮೊಡನೆ ಕೊಂಡೊಯ್ದರು. ನಾಲ್ವರು ಮೇಜಿನ ಸುತ್ತ ಕುಳಿತು ಸಾಮಾನ್ಯವಾಗಿ 144 ಬಿಲ್ಲೆಗಳಿಂದ ಆಡುವ ಈ ಆಟ ಅವರ ಹೊಸವರ್ಷದ ಮನೆಗೂಟಗಳಲ್ಲಿ ಇಂದಿಗೂ ಉಂಟು. ಬಿಲ್ಲೆಗಳ ಒಂದು ವರ್ಗದ ಮೇಲೆ ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಚೀನೀ ಲಿಪಿಯಲ್ಲಿರುತ್ತವೆ. ಪಕ್ಕದಲ್ಲಿ ಕುಳಿತು ನೋಡುವ ಮಗು ಪುಸ್ತಕವಿಲ್ಲದೆಯೇ ಆ ಅಂಕಿಗಳನ್ನು ಗುರುತಿಸಲು ಕಲಿಯಬಲ್ಲದು.

ಕನ್ನಡಿಗರಿಗೆ ಅಂತಹ ಆಟಗಳ ಕೊರತೆಯಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲಾಗಿದೆ. ಅಳಗುಳಿಮಣೆ, ಪಗಡೆ, ಹುಲಿ-ಕುರಿ ಇವೆಲ್ಲ ನಮ್ಮ ಜಗಲಿಗಳಲ್ಲಿ ಬೆಳೆದವು. ಇವುಗಳ ಪೈಕಿ ನಾಲ್ವರು ಒಟ್ಟಿಗೆ ಆಡಬಹುದಾದ, ಖರ್ಚೇ ಇಲ್ಲದ, ಚಿಕ್ಕ ಮನೆಗೂ ಒಗ್ಗುವ ಆಟ ಚೌಕಾಬಾರ. ಕೆಲವೆಡೆ ಇದನ್ನು ಕಟ್ಟೆಮನೆ ಎಂದೂ ಕರೆಯುತ್ತಾರೆ. ಮರಾಠಿ ಮನೆಗಳಲ್ಲಿ ಇದರ ಸೋದರ ಆಟಕ್ಕೆ ‘ಚಲ್ಲಸ ಆಠ’ ಎಂಬ ಹೆಸರುಂಟು. ಆದುದರಿಂದ ನೆರೆಮನೆಯ ಮಕ್ಕಳೂ ಸಲೀಸಾಗಿ ಜೊತೆಗೂಡಬಹುದು.

ಸಲಕರಣೆ ಮತ್ತು ಎಚ್ಚರಿಕೆ

ನೆಲದ ಮೇಲೆ ಸೀಮೆಸುಣ್ಣದಿಂದಲೋ ರಟ್ಟಿನ ಮೇಲೆ ಪೆನ್ಸಿಲಿನಿಂದಲೋ ಐದೈದರಂತೆ 25 ಮನೆಗಳನ್ನು ಬರೆಯಬೇಕು. ನಾಲ್ಕು ಬದಿಗಳ ನಡುಮನೆಗಳಿಗೂ ಕೇಂದ್ರದ ಮನೆಗೂ ಅಡ್ಡಗೆರೆ ಎಳೆದರೆ ಅವು ಕಟ್ಟೆಗಳಾಗುತ್ತವೆ. ನಾಲ್ಕು ಕವಡೆ ಬೇಕು. ಇಲ್ಲವಾದರೆ ಹುಣಿಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳಬಹುದು. ಪ್ರತಿಯೊಬ್ಬರಿಗೂ ನಾಲ್ಕು ಕಾಯಿ: ಗುಂಡಿ, ಅವರೆಕಾಳು, ಕಡಲೆಬೀಜ, ಏನಾದರೂ ಸರಿ.

ಎರಡು ಎಚ್ಚರಿಕೆಗಳು ಅಗತ್ಯ. ಮೂರು ವರ್ಷಕ್ಕಿಂತ ಚಿಕ್ಕ ಮಗು ಮನೆಯಲ್ಲಿದ್ದರೆ ಬೀಜ, ಗುಂಡಿಗಳು ಅದರ ಕೈಗೆ ಸಿಕ್ಕಬಾರದು. ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟೀತು. ಇನ್ನೊಂದು, ಅಂದವಾದ ಕೆಂಪು ಗುಲಗಂಜಿಯನ್ನು ಕಾಯಿಯಾಗಿ ಬಳಸಲೇಕೂಡದು. ಅದರ ಬೀಜದೊಳಗಿನ ವಿಷ ಅತಿ ಘೋರವಾದದ್ದು. ಜಗಿದು ನುಂಗಿದರೆ ಪ್ರಾಣಾಪಾಯ. ಬಳೆಚೂರುಗಳನ್ನು ಬಳಸುವ ಹಳೆಯ ರೂಢಿಯನ್ನೂ ಮಕ್ಕಳ ಆಟದಲ್ಲಿ ಬಿಡುವುದು ಲೇಸು.

ಆಟದ ನಿಯಮ

ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿದಷ್ಟೇ ಗರ. ನಾಲ್ಕೂ ಮೇಲಾದರೆ ನಾಲ್ಕು, ಅದೇ ಚೌಕ. ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಂದು ಗರ ದೊರೆಯುತ್ತದೆ. ತಮ್ಮ ಬದಿಯ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತನ್ನು ಅಪ್ರದಕ್ಷಿಣವಾಗಿ 15 ಹೆಜ್ಜೆ ನಡೆದು, ಒಳಸುತ್ತಿನ ಎಂಟು ಮನೆಗಳನ್ನು ಪ್ರದಕ್ಷಿಣವಾಗಿ ದಾಟಿ, 24ನೆಯ ಹೆಜ್ಜೆಗೆ ಕೇಂದ್ರ ಸೇರಿ ಹಣ್ಣಾಗುತ್ತದೆ. ಎದುರಾಳಿಯ ಕಾಯಿ ಇರುವ ಮನೆಗೆ ಬಂದರೆ ಅದನ್ನು ಹೊಡೆದಂತೆ. ಹೊಡೆದವರಿಗೆ ಮತ್ತೊಂದು ಗರ, ಹೊಡೆತ ತಿಂದ ಕಾಯಿ ಮತ್ತೆ ಮೊದಲಿನಿಂದ. ಕಟ್ಟೆಯ ಮೇಲಿನ ಕಾಯಿಯನ್ನು ಹೊಡೆಯುವಂತಿಲ್ಲ. ಒಂದು ಕಾಯಿಯನ್ನಾದರೂ ಹೊಡೆಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಊರಿಂದೂರಿಗೆ ನಿಯಮಗಳು ಸ್ವಲ್ಪ ಬೇರೆಯಾಗುವುದುಂಟು. ತಂದೆಯ ಮನೆಯ ಪದ್ಧತಿ ಒಂದು, ತಾಯಿಯ ತವರಿನದು ಇನ್ನೊಂದು ಆಗಿದ್ದರೆ ಆಟಕ್ಕೆ ಮುಂಚೆಯೇ ಒಂದನ್ನು ಒಪ್ಪಿ ಚೀಟಿಯಲ್ಲಿ ಬರೆದಿಡಬೇಕು. ನಡುವೆ ಬದಲಾಗುವ ನಿಯಮ ಮಗುವಿನ ಕಣ್ಣಿಗೆ ಮೋಸವಾಗಿ ತೋರುತ್ತದೆ.

ವಯಸ್ಸಿಗೆ ತಕ್ಕಂತೆ ಕಲಿಕೆ

ನಾಲ್ಕೈದು ವರ್ಷದ ಮಗು ಕವಡೆ ಎಸೆದು ಕನ್ನಡದಲ್ಲಿ ಎಣಿಸಿದರೆ ಸಾಕು. ಕಾಯಿ ನಡೆಸುವುದನ್ನು ಅಜ್ಜಿಗೆ ಬಿಡಲಿ. ಆರು ಏಳರ ಮಗು ಒಂದೇ ಕಾಯಿಯೊಂದಿಗೆ ದಾರಿಯನ್ನು ಕಲಿಯಲಿ. ಎಂಟು ದಾಟಿದ ಮೇಲೆ ನಾಲ್ಕೂ ಕಾಯಿ ಕೊಟ್ಟು, ಯಾವುದನ್ನು ನಡೆಸಬೇಕೆಂಬ ತೀರ್ಮಾನವನ್ನೂ ಮಗುವಿಗೇ ಒಪ್ಪಿಸಬೇಕು. ‘ಗರ’, ‘ಕಾಯಿ’, ‘ಕಟ್ಟೆ’, ‘ಹಣ್ಣು’, ‘ಬೋರಲು’, ‘ಪ್ರದಕ್ಷಿಣೆ’ ಇವಕ್ಕೆ ಪರಭಾಷೆಯ ಪದಗಳನ್ನು ಹುಡುಕುವ ಅಗತ್ಯವಿಲ್ಲ. ತಪ್ಪಾಗಿ ಎಣಿಸಿದಾಗ ಗದರದೆ ಇನ್ನೊಮ್ಮೆ ಜೊತೆಯಲ್ಲಿ ಎಣಿಸಿದರೆ ಸಾಲದು ಎನ್ನುವಂತಿಲ್ಲ, ಅಷ್ಟೇ ಸಾಕು.

ಹತ್ತು ವರ್ಷ ದಾಟಿದವರಿಗೆ ಇದರಲ್ಲಿ ಗಣಿತವೂ ಇದೆ. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16 ಸಾಧ್ಯತೆಗಳಲ್ಲಿ ಒಂದು ಬೀಳುವುದು ನಾಲ್ಕು ಬಗೆಯಲ್ಲಿ, ಎರಡು ಆರು ಬಗೆಯಲ್ಲಿ, ಮೂರು ನಾಲ್ಕು ಬಗೆಯಲ್ಲಿ. ಚೌಕ ಮತ್ತು ಬಾರ ಒಂದೊಂದೇ ಬಗೆಯಲ್ಲಿ. ಎಂದರೆ ಎರಡು ಮನೆ ಹಿಂದಿರುವ ಎದುರಾಳಿಯಿಂದಲೇ ಹೆಚ್ಚು ಅಪಾಯ. ನಿಜವಾದ ಕವಡೆ ಹೀಗೆಯೇ ಬೀಳುತ್ತದೆಯೇ ಎಂದು ನೂರು ಸಲ ಎಸೆದು ಪಟ್ಟಿ ಮಾಡಿದರೆ ಒಂದು ಭಾನುವಾರದ ಮಧ್ಯಾಹ್ನ ಸಾರ್ಥಕವಾದೀತು.

ಸೋಲಿನ ಪಾಠ, ಹಿರಿಯರ ಆರೋಗ್ಯ

ಮಗು ಅತ್ತೀತೆಂದು ಹಿರಿಯರು ಬೇಕೆಂದೇ ಸೋಲುವುದು ಒಳ್ಳೆಯದಲ್ಲ. ಮಗುವಿಗೆ ಅದು ಬೇಗನೆ ತಿಳಿಯುತ್ತದೆ. ಆಸರೆ ಬೇಕಿದ್ದರೆ ಮೊದಲೇ ಒಂದು ಕಾಯಿಯನ್ನು ಮುಂದಿಟ್ಟು ಕೊಡಬಹುದು. ಹಣ್ಣಾಗಲು ಎರಡೇ ಹೆಜ್ಜೆಯಿದ್ದ ಕಾಯಿ ತನಗೆ ಬೇಕಾದ ಗರಕ್ಕಾಗಿ ಹತ್ತು ಸರದಿ ಕಾಯಬೇಕಾದಾಗ ಮಗು ತಾಳ್ಮೆಯನ್ನು ಕಲಿಯುತ್ತದೆ. ಅಜ್ಜನ ಕಾಯಿಯೂ ಹೊಡೆತ ತಿಂದು ಮೊದಲಿನಿಂದ ಹೊರಟಾಗ ಸೋಲು ಎಲ್ಲರದೂ ಎಂದು ಅರಿಯುತ್ತದೆ. ಹಣ ಪಣವಿಡುವುದು ಮಾತ್ರ ಸರ್ವಥಾ ಕೂಡದು. ಧರ್ಮರಾಯನ ಕಥೆಯನ್ನು ಮಕ್ಕಳಿಗೆ ಹೇಳಲು ಇದೇ ತಕ್ಕ ಸಂದರ್ಭ.

ಹಿರಿಯರಿಗೂ ಇದರಿಂದ ಹಿತವುಂಟು. ಅಮೆರಿಕೆಯಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು, ವಾದ್ಯ, ನೃತ್ಯ ಮತ್ತು ಮಣೆಯಾಟಗಳಲ್ಲಿ ತೊಡಗಿದವರಲ್ಲಿ ಮರೆವಿನ ರೋಗ ಕಡಿಮೆ ಕಂಡುಬಂದಿತು. ಆಟವೇ ಅದನ್ನು ತಡೆಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಚುರುಕಾದವರೇ ಹೆಚ್ಚು ಆಡುತ್ತಿದ್ದಿರಬಹುದು. ಆದರೂ ಒಂಟಿಯಾಗಿ ಕೂರುವುದಕ್ಕಿಂತ ಮೊಮ್ಮಕ್ಕಳೊಡನೆ ನಕ್ಕು ಆಡುವುದು ಮೇಲೆಂಬುದಕ್ಕೆ ಪುರಾವೆ ಬೇಕಿಲ್ಲ. ಮಂಡಿನೋವಿದ್ದವರಿಗೆ ನೆಲದ ಬದಲು ಮೇಜಿನ ಮೇಲೆ ಹಾಸು ಹಾಕಿಕೊಡಬೇಕು. ಕಣ್ಣು ಮಂದವಾದವರಿಗೆ ಮನೆಗಳನ್ನು ದೊಡ್ಡದಾಗಿ ಬರೆಯಬೇಕು. ಅರ್ಧ ಗಂಟೆಗೊಮ್ಮೆ ಎಲ್ಲರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ವಾರಕ್ಕೊಂದು ಸಂಜೆ, ತಂದೆಯ ಪಾಳಿಗೆ ಹೊಂದುವ ಹೊತ್ತನ್ನು ಇದಕ್ಕಾಗಿ ಗೊತ್ತುಮಾಡಿಕೊಂಡರೆ ಸಾಕು. ಆ ಹೊತ್ತಿನಲ್ಲಿ ಮೊಬೈಲು ಕಪಾಟಿನಲ್ಲಿರಲಿ, ಗುರುವಿನ ಸ್ಥಾನ ಅಜ್ಜಿಗಿರಲಿ. ಊರಿನ ಜಗಲಿಯನ್ನು ಯಾರೂ ಅಂಬಡ್‌ಗೆ ಹೊತ್ತು ತರಲಾರರು. ನಾಲ್ಕು ಕವಡೆಗಳನ್ನು ಎಲ್ಲರೂ ತರಬಹುದು.