ನೆಟ್‌ವರ್ಕ್ ಕಾರ್ಡಿಗೆ ನಾವೇ ಹೆಸರಿಡೋಣ

ಕಳೆದ ರಜೆಯಲ್ಲಿ ನಮ್ಮ ಅಂಗಡಿಯ ಲಿನಕ್ಸ್ ಕಂಪ್ಯೂಟರಿಗೆ ಹೊಸ ಡಿಸ್ಕ್ ಕಾರ್ಡ್ ಹಾಕಿದೆ. ಮರುದಿನ ಕೌಂಟರಿನಿಂದ ಲೆಕ್ಕದ ಫೈಲುಗಳೇ ತೆರೆಯಲಿಲ್ಲ. ಕೇಬಲ್ ಸರಿಯಿತ್ತು, ಸ್ವಿಚ್ಚಿನ ದೀಪವೂ ಉರಿಯುತ್ತಿತ್ತು. ಅಬ್ಬಾ ಸಂಜೆಯವರೆಗೆ ಬಿಲ್ಲುಗಳನ್ನು ಕೈಯಲ್ಲೇ ಬರೆದರು. ತಪ್ಪು ನನ್ನದು. ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾದದ್ದನ್ನು ನಾನು ನೋಡಿರಲಿಲ್ಲ.

ಲಿನಕ್ಸ್‌ನಲ್ಲಿ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಒಂದು ಹೆಸರಿರುತ್ತದೆ. ಹಿಂದೆ ಈಥ್0, ಈಥ್1 ಎಂದಿರುತ್ತಿತ್ತು. ಕರ್ನಲ್‌ಗೆ ಮೊದಲು ಸಿಕ್ಕ ಕಾರ್ಡಿಗೆ 0, ನಂತರದ್ದಕ್ಕೆ 1. ಕಂಪ್ಯೂಟರನ್ನು ಮತ್ತೆ ಆನ್ ಮಾಡಿದಾಗ ಇವು ಅದಲುಬದಲಾಗಬಹುದಿತ್ತು. ಆಗ ಇಂಟರ್‌ನೆಟ್ ಕಡೆಯ ಫೈರ್‌ವಾಲ್ ನಿಯಮ ಒಳಗಿನ ಕಾರ್ಡಿಗೆ ಬೀಳುತ್ತದೆ. ಒಬ್ಬ ಗ್ರಾಹಕನ ಬಾಕಿಯನ್ನು ಇನ್ನೊಬ್ಬನ ಖಾತೆಗೆ ಪೋಸ್ಟ್ ಮಾಡಿದ ಹಾಗೆ!

2013ರಲ್ಲಿ ಬಂದ ಸಿಸ್ಟಮ್‌ಡಿ 197ನೇ ಆವೃತ್ತಿಯಿಂದ ಕಾರ್ಡ್ ಇರುವ ಜಾಗ ನೋಡಿ ಹೆಸರಿಡುವ ಪದ್ಧತಿ ಶುರುವಾಯಿತು. ಉದಾಹರಣೆಗೆ, ಇಎನ್‌ಪಿ3ಎಸ್0. ಇಎನ್ ಎಂದರೆ ಈಥರ್ನೆಟ್, ಪಿ3 ಎಂದರೆ ಪಿಸಿಐ ಬಸ್ 3, ಎಸ್0 ಎಂದರೆ ಸ್ಲಾಟ್ 0. ವೈಫೈ ಆದರೆ ಡಬ್ಲ್ಯುಎಲ್ ಎಂದು ಶುರುವಾಗುತ್ತದೆ. ಆದರೆ ಹೊಸ ಕಾರ್ಡ್ ಸೇರಿಸಿದರೆ ಬಸ್ ಸಂಖ್ಯೆಯೇ ಬದಲಾಗಬಹುದು. ನಮ್ಮಲ್ಲಿ ಪಿ3 ಇದ್ದದ್ದು ಪಿ4 ಆಗಿತ್ತು. ಐಪಿ ವಿಳಾಸವನ್ನು ಮಾತ್ರ ಹಳೆಯ ಹೆಸರಿಗೇ ಬರೆದಿಟ್ಟಿದ್ದೆ.

ಇದಕ್ಕೆ ಪರಿಹಾರ, ಕಾರ್ಡಿಗೆ ನಾವೇ ಹೆಸರಿಡುವುದು. ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

1. ಟರ್ಮಿನಲ್‌ನಲ್ಲಿ 'ಐಪಿ ಲಿಂಕ್' ಎಂದು ಕೊಡಿ. ಕಾರ್ಡಿನ ಹೆಸರಿನ ಕೆಳಗೆ ಆರು ಜೋಡಿಗಳ ಮ್ಯಾಕ್ ವಿಳಾಸ ಕಾಣುತ್ತದೆ. ಅದನ್ನು ಬರೆದುಕೊಳ್ಳಿ. 'ಎಲ್‌ಓ' ಎಂಬುದು ಕಂಪ್ಯೂಟರಿನ ಒಳಗಿನದು, ಅದನ್ನು ಮುಟ್ಟಬೇಡಿ.

2. ಸುಡೋ ಅಧಿಕಾರದಿಂದ /ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್ ಫೋಲ್ಡರಿನಲ್ಲಿ '10-ಲ್ಯಾನ್.ಲಿಂಕ್' ಎಂಬ ಫೈಲ್ ಮಾಡಿ. ಮೊದಲು ಹೊಂದಿಕೆಯಾದ ಫೈಲೇ ಅನ್ವಯವಾಗುತ್ತದೆ. ಸಿಸ್ಟಮ್‌ನ ಸ್ವಂತ ಫೈಲ್ 99ರಿಂದ ಶುರುವಾಗುವುದರಿಂದ ನಮ್ಮದು 10.

3. ಅದರಲ್ಲಿ ನಾಲ್ಕು ಸಾಲು ಬರೆಯಿರಿ:
[ಮ್ಯಾಚ್]
ಮ್ಯಾಕ್‌ಅಡ್ರೆಸ್=ನೀವು ಬರೆದುಕೊಂಡ ವಿಳಾಸ
[ಲಿಂಕ್]
ನೇಮ್=ಲ್ಯಾನ್0

ಹೆಸರು 15 ಅಕ್ಷರ ಮೀರಬಾರದು, ನಡುವೆ ಜಾಗ ಬಿಡಬಾರದು. ಈಥ್0 ಎಂದು ಇಡಬೇಡಿ. ಕರ್ನಲ್ ಕೊಡುವ ಹೆಸರಿಗೆ ಅದು ಡಿಕ್ಕಿ ಹೊಡೆಯಬಹುದು.

4. ಐಪಿ ಮತ್ತು ಫೈರ್‌ವಾಲ್ ಸೆಟ್ಟಿಂಗ್‌ಗಳಲ್ಲಿ ಹಳೆಯ ಹೆಸರಿದ್ದಲ್ಲೆಲ್ಲ ಹೊಸದನ್ನು ಹಾಕಿ.

5. ಉಬುಂಟು, ಡೆಬಿಯನ್ ಆದರೆ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಕೊಡಿ. ನಂತರ ರೀಬೂಟ್ ಮಾಡಿ, 'ಐಪಿ ಲಿಂಕ್' ಕೊಟ್ಟು ನೋಡಿ.

ಈ ಕೆಲಸವನ್ನು ಕಂಪ್ಯೂಟರಿನ ಮುಂದೆ ಕುಳಿತೇ ಮಾಡಿ. ದೂರದಿಂದ ಮಾಡುವಾಗ ತಪ್ಪಾದರೆ ಸಂಪರ್ಕವೇ ಹೋಗುತ್ತದೆ. ನೆಟ್‌ವರ್ಕ್ ಕಾರ್ಡನ್ನೇ ಬದಲಿಸಿದರೆ ಮ್ಯಾಕ್ ವಿಳಾಸವೂ ಬದಲಾಗುತ್ತದೆ, ಆಗ ಫೈಲನ್ನು ತಿದ್ದಬೇಕು. ಕಾಲೇಜಿನ ಲ್ಯಾಬ್‌ನಲ್ಲಾದರೆ ಮೊದಲು ಉಪನ್ಯಾಸಕರ ಅನುಮತಿ ಕೇಳಿ.

ಈಗ ನಮ್ಮ ಅಂಗಡಿಯ ಕಾರ್ಡ್ ಲ್ಯಾನ್0. ಆ ಹೆಸರನ್ನೂ ಮ್ಯಾಕ್ ವಿಳಾಸವನ್ನೂ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ನಾನಿಲ್ಲದ ದಿನವೂ ಅಬ್ಬಾಗೆ ಅದು ಸಿಗಬೇಕು.