ಸಿ.ಎ. ಆಗಬಯಸುವ ನಮ್ಮ ಮಕ್ಕಳಿಗೆ

ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದೊಡನೆ ಪಾಲಕರು ನಮ್ಮನ್ನು ಕೇಳುವುದುಂಟು: "ಜತ್ತದ ಕನ್ನಡ ಶಾಲೆಯಲ್ಲಿ ಕಲಿತ ಹುಡುಗ. ಸಿ.ಎ. ಅವನಿಗೆ ನೀಗೀತೇ?" ನೀಗುತ್ತದೆ. ಆದರೆ ಹಾದಿ ಎಷ್ಟು ಉದ್ದವೆಂಬುದನ್ನು ತಿಳಿದೇ ಹೊರಡಬೇಕು.

1949ರ ಕಾಯ್ದೆಯಂತೆ ಸ್ಥಾಪನೆಯಾದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯೇ ಈ ಪರೀಕ್ಷೆಗಳನ್ನು ನಡೆಸುತ್ತದೆ. ಸಾಂಗಲಿಯಲ್ಲೂ ಅದರ ಶಾಖೆಯಿದೆ. ಮೊದಲು ಫೌಂಡೇಶನ್, 4 ಪತ್ರಿಕೆ. ಆಮೇಲೆ ಇಂಟರ್‌ಮೀಡಿಯೆಟ್ 6, ಫೈನಲ್ 6. ಫೌಂಡೇಶನ್ ದಾಟಲು ಪ್ರತಿ ಪತ್ರಿಕೆಯಲ್ಲಿ ಶೇ. 40, ಒಟ್ಟಿನಲ್ಲಿ ಶೇ. 50 ಅಂಕ ಬೇಕು. ವಾಣಿಜ್ಯ ಪದವಿಯಲ್ಲಿ ಶೇ. 55 ಪಡೆದವರು ಫೌಂಡೇಶನ್ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಉತ್ತರ ಬರೆಯುವುದು ಇಂಗ್ಲಿಷ್ ಇಲ್ಲವೆ ಹಿಂದಿಯಲ್ಲಿ. ಕನ್ನಡಕ್ಕೂ ಅವಕಾಶವಿಲ್ಲ, ಮರಾಠಿಗೂ ಇಲ್ಲ. ಆದುದರಿಂದ ಪಕ್ಕದ ಮರಾಠಿ ಶಾಲೆಯ ಹುಡುಗನ ಕಷ್ಟವೂ ನಮ್ಮವನದರಷ್ಟೇ. ಇಂಗ್ಲಿಷ್ ಓದುವ ರೂಢಿಯನ್ನು ಹನ್ನೊಂದನೆಯ ಇಯತ್ತೆಯಿಂದಲೇ ಹಚ್ಚಿರಿ.

ಒಂದೇ ಸಲಕ್ಕೆ ಪಾಸಾಗದವರೇ ಹೆಚ್ಚು. ಒಮ್ಮೆ ನಪಾಸಾದನೆಂದು ಅಂಗಡಿಯ ಗಲ್ಲೆಗೆ ಕೂಡಿಸುವ ಅವಸರ ಬೇಡ. ಜೊತೆಗೇ ಬಿ.ಕಾಂ. ಮಾಡಿಸಿದರೆ, ಸಿ.ಎ. ಕೈಗೂಡದಿದ್ದರೂ ಪದವಿಯೊಂದು ಕೈಯಲ್ಲಿರುತ್ತದೆ.

ಇಂಟರ್‌ಮೀಡಿಯೆಟ್ ಮುಗಿದ ಮೇಲೆ ಸಿ.ಎ. ಒಬ್ಬರ ಕೈಕೆಳಗೆ ಆರ್ಟಿಕಲ್‌ಶಿಪ್. ಮೊದಲು ಮೂರು ವರ್ಷವಿದ್ದುದು 2023ರ ಜುಲೈಯಿಂದ ಎರಡು ವರ್ಷವಾಗಿದೆ. ಸಂಭಾವನೆ ಅಲ್ಪ, ಕಲಿಕೆ ಬಹಳ. ಸಾಂಗಲಿಯ ಅರಿಷಿಣ ಪೇಟೆಯನ್ನೇ ತೆಗೆದುಕೊಳ್ಳಿ. ಅಡತಿ ಅಂಗಡಿಯ ಗೋದಾಮಿನಲ್ಲಿ 200 ಚೀಲ ಇವೆ, ಖಾತೆಯಲ್ಲಿ 120 ಮಾತ್ರ ಎಂದಿಟ್ಟುಕೊಳ್ಳೋಣ. ಕಳವೇ, ಮೋಸವೇ? ಇರಲಿಕ್ಕಿಲ್ಲ. ಉಳಿದ 80 ಚೀಲ ರೈತರು ಮಾರಿಕೊಡಲು ತಂದಿಟ್ಟವು. ಅವು ರೈತರ ಮಾಲು, ಅಂಗಡಿಯವರದಲ್ಲ. ಅದನ್ನು ಕಂಡುಕೊಳ್ಳಲು ತೂಕದ ಚೀಟಿ, ರೈತನ ಪಟ್ಟಿ, ಆವಕದ ದಾಖಲೆ ಮೂರನ್ನೂ ತಾಳೆ ನೋಡಬೇಕು. ವಹಿವಾಟಿನ ಲೆಕ್ಕದಲ್ಲೂ ಇದೇ ಭೇದ. ಬರೀ ದಲಾಲಿ ಪಡೆಯುವ ಕಚ್ಚಾ ಅಡತಿಯವರಿಗೆ ಆ ದಲಾಲಿಯಷ್ಟೇ ವಹಿವಾಟು. ತಾವೇ ಹೊಣೆ ಹೊತ್ತು ಮಾರುವ ಪಕ್ಕಾ ಅಡತಿಯವರಿಗೆ ಮಾರಾಟದ ಪೂರ್ಣ ಮೊತ್ತ. ತೆರಿಗೆ ಇಲಾಖೆಯ 1986ರ ಸುತ್ತೋಲೆ ಇದನ್ನು ಬಿಡಿಸಿ ಹೇಳಿದೆ.

ಇಲ್ಲಿಯೇ ನಮ್ಮ ಮಕ್ಕಳ ಅನುಕೂಲ. ಕಿರ್ದಿ ಮರಾಠಿಯಲ್ಲಿ, ಕಾಯ್ದೆ ಇಂಗ್ಲಿಷಿನಲ್ಲಿ, ಅಥಣಿಯಿಂದ ಮಾಲು ತಂದ ರೈತನ ಮಾತು ಕನ್ನಡದಲ್ಲಿ. ಮೂರೂ ಬಲ್ಲವನಿಗೆ ಆಫೀಸಿನಲ್ಲಿ ಬೆಲೆಯಿದೆ.

ಸಿ.ಎ. ಆದವರು ಬ್ಯಾಂಕು, ಸಕ್ಕರೆ ಕಾರ್ಖಾನೆ ಸೇರಬಹುದು, ಸ್ವಂತ ಆಫೀಸನ್ನೂ ತೆರೆಯಬಹುದು. ಸ್ವಂತ ಆಫೀಸಿನಲ್ಲಿ ಮಿರಜದ ಆಸ್ಪತ್ರೆಗಳ ಲೆಕ್ಕ ಬರಬಹುದು, ಟ್ರಸ್ಟುಗಳದೂ ಬರಬಹುದು. ಮಠದ ಲೆಕ್ಕವೂ ತಪಾಸಣೆಯಾಗತಕ್ಕದ್ದೇ. ಬಸವಣ್ಣನವರು ಮಂಗಳವೇಢೆಯಲ್ಲಿ ಕರಣಿಕರಾಗಿ ಕಾಯಕ ಆರಂಭಿಸಿದರೆಂಬುದು ನಮ್ಮಲ್ಲಿ ಬಂದ ಮಾತು. ತಪಾಸಣೆ ಮಾಡಿದವರು ಸಹಿಯೊಂದಿಗೆ ಸಂಸ್ಥೆ ನೀಡುವ ಗುರುತು ಸಂಖ್ಯೆಯನ್ನೂ ಬರೆಯಬೇಕು. ಅದನ್ನು ಬ್ಯಾಂಕಿನವರು ಗಣಕದಲ್ಲಿ ತಾಳೆ ನೋಡಬಲ್ಲರು. ಪರಿಚಯದ ವ್ಯಾಪಾರಿ ಬಂದು "ಸಾಲಕ್ಕಾಗಿ ಲಾಭ ಸ್ವಲ್ಪ ಏರಿಸಿ ಸಹಿ ಹಾಕಿರಿ" ಎಂದರೆ ಒಲ್ಲೆನೆನ್ನಬೇಕಾಗುತ್ತದೆ. ಗಿರಾಕಿ ಹೋಗಬಹುದು, ಬೀಗರ ಮನೆಯಲ್ಲಿ ಮಾತೂ ಬರಬಹುದು. ಆದರೆ ಸುಳ್ಳು ಸಹಿಗೆ ಸನದು ಕಳೆದುಕೊಂಡವರು ತಪಾಸಣೆಯ ಕೆಲಸವನ್ನೇ ಮಾಡುವಂತಿಲ್ಲ.