ಕೂಸಿನ ವಿಚಾರ ಯಾರನ್ನ ಕೇಳೋದು?

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಅಂಗನವಾಡಿಗಳಲ್ಲಿ ತಾಯಂದಿರ ಜೊತೆ ಕೂತು ಮಕ್ಕಳ ಆರೋಗ್ಯದ ಬಗ್ಗೆ ಮಾತಾಡುವುದು ನನ್ನ ಕೆಲಸ. ಮೊದಲೆಲ್ಲ ಅವರು "ಏನ್ ಮಾಡ್ಬೇಕು ಮೇಡಂ?" ಎಂದು ಕೇಳುತ್ತಿದ್ದರು. ಈಗ ಮೊಬೈಲು ಚಾಚಿ "ಇದು ನಿಜವಾ ಮೇಡಂ?" ಎನ್ನುತ್ತಾರೆ. ಹೀಗೆ ಅನುಮಾನಪಟ್ಟು ಕೇಳುವವರನ್ನು ಕಂಡರೆ ನನಗೆ ಹೆಚ್ಚು ಸಂತೋಷ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ದೇಶದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಿದ್ದು ತಿ. ನರಸೀಪುರವನ್ನು. ಇಂದು ಅಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ಬರುವ ಅಜ್ಜಿಯರಲ್ಲಿ ಕೆಲವರು ತಾವೇ ಅಂಗನವಾಡಿಯ ಚಾಪೆಯ ಮೇಲೆ ಕೂತು ಬೆಳೆದವರು. ಕೂಸನ್ನು ತೂಗಿ, ಮುಟ್ಟಿ, ನೋಡಿ ಹೇಳುವವರು ಊರಲ್ಲೇ ಇದ್ದಾರೆ. ದೂರದಿಂದ ಬರುವ ಮಾಹಿತಿ ನಮ್ಮನ್ನು ಅವರ ಹತ್ತಿರ ಕರೆದುಕೊಂಡು ಹೋಗುವಂತಿರಬೇಕು.

1. ಮೊದಲು ತಾಯಿ ಕಾರ್ಡ್ ಓದಿ

ಬಸುರಿಗೆ ಹೆಸರು ನೋಂದಾಯಿಸಿದಾಗ ಕೊಡುವ ತಾಯಿ ಕಾರ್ಡನ್ನು ಹೆಚ್ಚಿನವರು ಲಸಿಕೆಯ ಚೀಟಿ ಎಂದುಕೊಂಡಿದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಇಂಜೆಕ್ಷನ್ ದಿನ ಮಾತ್ರ ಹೊರಗೆ ಬರುತ್ತದೆ. ಅದರೊಳಗೆ ಯಾವ ತಿಂಗಳಿಗೆ ಮಗು ಏನು ಮಾಡಬೇಕು, ಏನು ತಿನ್ನಿಸಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಎಂಬುದೆಲ್ಲ ಚಿತ್ರ ಸಮೇತ ಕನ್ನಡದಲ್ಲಿದೆ. ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ಪುಸ್ತಕಗಳಿಗಿಂತ ಇದು ಗಟ್ಟಿ.

ತೂಕದ ನಕ್ಷೆಯ ಪುಟವನ್ನು ಅಂಗನವಾಡಿ ಟೀಚರ್ ಜೊತೆ ಕೂತು ಒಮ್ಮೆ ನೋಡಿ. ಹೆಣ್ಣುಮಕ್ಕಳಿಗೆ ಗುಲಾಬಿ, ಗಂಡುಮಕ್ಕಳಿಗೆ ನೀಲಿ. ಪ್ರತಿ ತಿಂಗಳ ತೂಕಕ್ಕೆ ಒಂದು ಚುಕ್ಕಿ ಇಟ್ಟು ಗೆರೆ ಎಳೆಯುತ್ತಾರೆ. ಒಂದೇ ಚುಕ್ಕಿಯಿಂದ ಏನೂ ತಿಳಿಯದು, ಗೆರೆ ಏರುತ್ತಿದೆಯೋ, ಮಲಗಿದೆಯೋ, ಇಳಿಯುತ್ತಿದೆಯೋ ನೋಡಬೇಕು. ಸಣ್ಣ ಮೈಯ ಕೂಸಿನ ಗೆರೆ ತನ್ನ ದಾರಿಯಲ್ಲಿ ಏರುತ್ತಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ದುಂಡಗಿದ್ದ ಕೂಸಿನ ಗೆರೆ ಎರಡು ತಿಂಗಳು ಮಲಗಿದ್ದರೆ ವಿಚಾರಿಸಲೇಬೇಕು.

"ನಮ್ಮ ಮಕ್ಕಳು ಇರೋದೇ ಹಿಂಗೆ, ಅದು ಫಾರಿನ್ನೋರ ಲೆಕ್ಕ" ಎನ್ನುವವರಿದ್ದಾರೆ. ಈ ನಕ್ಷೆಗೆ ಆಧಾರವಾದ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡವನ್ನು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳ ಜೊತೆ ದೆಹಲಿಯ ಮಕ್ಕಳನ್ನೂ ಅಳೆದು ಮಾಡಿದ್ದಾರೆ. ಎದೆಹಾಲು, ಒಳ್ಳೆಯ ಊಟ, ಆರೈಕೆ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಮ್ಮಿ ಒಂದೇ ರೀತಿ ಬೆಳೆಯುತ್ತಾರೆ ಎಂಬುದೇ ಅದರಿಂದ ಗೊತ್ತಾದ ಸಂಗತಿ. ನಮ್ಮ ನಂಜನಗೂಡು ಕಡೆಯ ಬದನವಾಳಿನ ಕೂಸಿಗೆ ಬೇರೆ ಲೆಕ್ಕವಿಲ್ಲ.

ಆರು ತಿಂಗಳು ದಾಟಿದ ಮಗುವಿನ ತೋಳಿಗೆ ಪಟ್ಟಿ ಸುತ್ತಿ ಅಳೆಯುವುದನ್ನೂ ಕೇಳಿ ಮಾಡಿಸಿಕೊಳ್ಳಿ. ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

2. ಮಾತು ತಡವಾದರೆ ಮೊದಲು ಕಿವಿ ನೋಡಿಸಿ

ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು: "ಅವ್ರಪ್ಪನೂ ಮೂರ್ ವರ್ಷಕ್ಕೇ ಮಾತಾಡಿದ್ದು ಕನವ್ವ, ಬತ್ತದೆ ಬುಡಿ." ಅಜ್ಜಿ ಸುಳ್ಳು ಹೇಳುತ್ತಿರುವುದಿಲ್ಲ, ಕೆಲವು ಮಕ್ಕಳು ನಿಜಕ್ಕೂ ನಿಧಾನ. ಆದರೆ ಯಾವ ಮಗು ಬರೀ ನಿಧಾನ, ಯಾವ ಮಗುವಿಗೆ ಕೇಳಿಸುತ್ತಿಲ್ಲ ಎಂಬುದನ್ನು ಅಂಗಳದಲ್ಲಿ ಕೂತು ಹೇಳುವುದಕ್ಕಾಗದು. ಬಾಗಿಲು ಬಡಿದರೆ ತಿರುಗುವ ಮಗುವಿಗೂ ಮಾತಿನ ಸಣ್ಣ ಸದ್ದುಗಳು ಕೇಳಿಸದೇ ಇರಬಹುದು. ಬಾಗಿಲಿನ ಅದುರು ಮೈಗೆ ತಾಕಿ ತಿರುಗಿರಲೂಬಹುದು.

ಈ ಕಾಯುವ ಕಾಲದಲ್ಲೇ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ. ಬಜೆಗಿಂತ ನನ್ನನ್ನು ಹೆಚ್ಚು ಕಾಡುವುದು ಅದನ್ನು ನಂಬಿ ಕಳೆಯುವ ತಿಂಗಳುಗಳು. ಶ್ರವಣದೋಷಕ್ಕೆ ಜಗತ್ತಿನಾದ್ಯಂತ ತಜ್ಞರು ಪಾಲಿಸುವ ಗಡುವು ಹೀಗಿದೆ: ಹುಟ್ಟಿದ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಭಾಷೆ ಕಲಿಯುವ ಮಿದುಳಿಗೆ ಮೊದಲ ಎರಡು ಮೂರು ವರ್ಷ ಬಹಳ ಮುಖ್ಯ.

ಈ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ದೇಶದ ಬೇರೆ ಬೇರೆ ರಾಜ್ಯಗಳಿಂದ ಜನ ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲೂ ಅದೇ ಸಂಸ್ಥೆಯ ಹೊರಸೇವಾ ಕೇಂದ್ರವಿದೆ. ಹೋಗುವ ಮುಂಚೆ ಸಿಬ್ಬಂದಿ ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಕೆಲವು ಗಡಿಗಳನ್ನು ನೆನಪಿಟ್ಟುಕೊಳ್ಳಿ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂಥ ಎರಡು ಪದ ಕೂಡಿಸದಿದ್ದರೆ, ಹೆಸರು ಕೂಗಿದರೆ ನೋಡದಿದ್ದರೆ, ಕಲಿತ ಮಾತು ಮರೆತರೆ ಕಾಯಬೇಡಿ. ಇದು ಕಾಯಿಲೆ ಎಂದು ನಾನು ಹೇಳುತ್ತಿಲ್ಲ, ತೋರಿಸಿ ಎನ್ನುತ್ತಿದ್ದೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆ ದಿನ ಮಗುವನ್ನು ತಪ್ಪದೆ ಕರೆತನ್ನಿ.

3. ಹೇಳುತ್ತಿರುವವರು ಏನು ಮಾರುತ್ತಿದ್ದಾರೆ ನೋಡಿ

ಹಾಲಿನ ಪುಡಿ, ಹಾಲಿನ ಬಾಟಲಿ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರ ಇವುಗಳ ಜಾಹೀರಾತನ್ನು ನಮ್ಮ ದೇಶದ ಕಾನೂನೇ ನಿಷೇಧಿಸಿದೆ. 1992ರ ಕಾಯ್ದೆ 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಹಾಗಿದ್ದೂ ಮೊಬೈಲಿನಲ್ಲಿ "ನನ್ನ ಮಗುವಿಗೆ ಇದನ್ನೇ ಕೊಟ್ಟೆ" ಎನ್ನುವ ನಗುಮುಖಗಳು ಬರುತ್ತವೆ. ಸಲಹೆಯ ಕೊನೆಗೆ ಕೊಳ್ಳುವ ಲಿಂಕ್ ಇದ್ದರೆ ಅದನ್ನು ಜಾಹೀರಾತು ಎಂದೇ ತಿಳಿಯಿರಿ.

ಓಆರ್‌ಎಸ್ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಭೇದಿಯಾದ ಮಗುವಿಗೆ ಅಂಗಡಿಯಿಂದ ಹಣ್ಣಿನ ಚಿತ್ರವಿರುವ, ಹೆಸರಿನಲ್ಲಿ ಓಆರ್‌ಎಸ್ ಎಂದಿರುವ ಸಿಹಿ ಪಾನೀಯದ ಪೊಟ್ಟಣ ತಂದು ಕುಡಿಸುತ್ತಿದ್ದುದನ್ನು ನೋಡಿದ್ದೇನೆ. ಸಕ್ಕರೆ ಹೆಚ್ಚಾದರೆ ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಬಾರದೆಂದು ಆದೇಶಿಸಿತು. ಪೊಟ್ಟಣ ತಿರುಗಿಸಿ ಹಿಂಭಾಗ ಓದಿ. ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಇದ್ದರೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆಯಾಗಿ ಇರುವುದೂ ಅದೇ. ಜೊತೆಗೆ ಜಿಂಕ್ ಮಾತ್ರೆ 14 ದಿನ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಬಿಡಬೇಡಿ.

4. ಯಾವ ವರ್ಷದ್ದು ಎಂದು ಕೇಳಿ

ಅನುಪಮಾ ನಿರಂಜನ ಅವರ 'ತಾಯಿ ಮಗು' ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಸ್ವತಃ ವೈದ್ಯೆಯಾಗಿ, ಹೆಣ್ಣುಮಕ್ಕಳ ಸಂಕೋಚ ಬಲ್ಲವರಾಗಿ ಅವರು ಬರೆದರು. ಆ ಪುಸ್ತಕ ಅಮ್ಮನಿಂದ ಮಗಳಿಗೆ ಹೋಗಿರುವುದು ನೋಡಿದರೆ ನನಗೆ ಹೆಮ್ಮೆ. ಆದರೆ ಅನುಪಮಾ ತೀರಿಕೊಂಡಿದ್ದು 1991ರಲ್ಲಿ. ಆಮೇಲೆ ರೋಟಾ ವೈರಸ್, ನ್ಯುಮೋಕಾಕಲ್, ಪೆಂಟಾವಲೆಂಟ್ ಲಸಿಕೆಗಳು ಬಂದವು. ಪೋಲಿಯೊ ಇಂಜೆಕ್ಷನ್ನಿನ ಮೂರನೇ ಡೋಸ್ ಒಂಬತ್ತು ತಿಂಗಳಿಗೆ ಸೇರಿದ್ದು 2023ರಲ್ಲಿ. ಹಳೆಯ ಪುಸ್ತಕದಿಂದ ಧೈರ್ಯ ತೆಗೆದುಕೊಳ್ಳಿ, ಲಸಿಕೆಯ ಪಟ್ಟಿಯನ್ನು ಈಗಿನ ಕಾರ್ಡಿನಿಂದ ತೆಗೆದುಕೊಳ್ಳಿ. ದಿನಾಂಕವೇ ಇಲ್ಲದೆ ಗ್ರೂಪಿನಿಂದ ಗ್ರೂಪಿಗೆ ಸುತ್ತುವ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.

5. ಅಜ್ಜಿಯನ್ನು ಪಕ್ಕಕ್ಕೆ ತಳ್ಳಬೇಡಿ

ಸೊಸೆಗೆ ಮಾತ್ರ ಹೇಳಿ ಬಂದ ಸಲಹೆ ಮನೆಯ ಹೊಸಿಲು ದಾಟುವುದಿಲ್ಲ. ಅಜ್ಜಿಯನ್ನೂ ಸಭೆಗೆ ಕರೆಯಬೇಕು, ಅವರ ಪದ್ಧತಿಗಳನ್ನು ಒಂದೊಂದಾಗಿ ನೋಡಬೇಕು. ಎಣ್ಣೆ ಹಚ್ಚಿ ಮೃದುವಾಗಿ ನೀವುವುದು ಒಳ್ಳೆಯದು, ಕಿವಿ ಮೂಗಿಗೆ ಬಿಡಬಾರದು. ಆರು ತಿಂಗಳ ನಂತರ ರಾಗಿ ಸರಿ ಬಹಳ ಒಳ್ಳೆಯದು, ಅದರ ಜೊತೆ ಬೇಳೆ, ಸೊಪ್ಪು, ಮೊಟ್ಟೆ, ಬಾಳೆಹಣ್ಣು ಸೇರಲಿ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದು ಬೇಡ, ವರ್ಷದೊಳಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಕಣ್ಣೊಳಗೆ ಕಾಡಿಗೆ ಬೇಡ, ಕೆಲವದರಲ್ಲಿ ಸೀಸವಿರುತ್ತದೆ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಪಾದಕ್ಕೆ ಇಡಿ ಎಂದರೆ ಅಜ್ಜಿಯರು ಒಪ್ಪುತ್ತಾರೆ.

6. ಓದುತ್ತಾ ಕೂರಬಾರದ ಹೊತ್ತು

ಮಗು ಹಾಲು ನೀರು ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಮೊಬೈಲ್ ಕೆಳಗಿಟ್ಟು ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಅಷ್ಟೇ. ಉಬ್ಬಸ ಅನುಮಾನವಾದರೆ ಅಂಗಿ ಮೇಲೆತ್ತಿ, ಮಗು ಅಳದೆ ಇರುವಾಗ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ಕೆಮ್ಮಿನ ಸಿರಪ್ಪನ್ನು ಕೇಳಿ ತರಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ಪಿನಿಂದ ಮಕ್ಕಳು ಸತ್ತ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ ಎರಡು ವರ್ಷದೊಳಗಿನವರಿಗೆ ಕೆಮ್ಮಿನ ಸಿರಪ್ಪನ್ನೇ ಕೊಡಬಾರದೆಂದು ಸೂಚಿಸಿತು.

7. ಮೊಬೈಲನ್ನು ಹೀಗೂ ಬಳಸಬಹುದು

ಎರಡು ವರ್ಷದವರೆಗೆ ಮಕ್ಕಳ ಕೈಗೆ ಮೊಬೈಲು ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ದೊಡ್ಡವರ ಕೈಯಲ್ಲಿ ಅದು ಒಳ್ಳೆಯ ಸಾಧನ. ಮಗು ಹೇಗೆ ನಡೆಯುತ್ತದೆ, ಹೇಗೆ ಕೂಗುತ್ತದೆ, ಹೇಗೆ ಮೈ ಅದುರಿತು ಎಂಬುದನ್ನು ಅರ್ಧ ನಿಮಿಷ ವಿಡಿಯೊ ಮಾಡಿಕೊಳ್ಳಿ. ಡಾಕ್ಟರ ಮುಂದೆ ಮಗು ಅದನ್ನು ಮಾಡದೇ ಇರಬಹುದು. ತಾಯಿ ಕಾರ್ಡಿನ ಪ್ರತಿ ಪುಟದ ಫೋಟೊ ತೆಗೆದಿಡಿ. ಕೇಳಬೇಕಾದ್ದನ್ನು ಬಸ್ಸು ಹತ್ತುವ ಮುಂಚೆಯೇ ಬರೆದುಕೊಳ್ಳಿ, ಬರೆಯಲು ಬರದಿದ್ದರೆ ದನಿ ಮುದ್ರಿಸಿಕೊಳ್ಳಿ: ಇದು ಏನು, ಮನೆಯಲ್ಲಿ ಏನು ಮಾಡಬೇಕು, ಏನಾದರೆ ಮತ್ತೆ ಬರಬೇಕು, ಯಾವಾಗ ಬರಬೇಕು. ಔಷಧದ ಚೀಟಿ ಕೈಗೆ ಬಂದ ಮೇಲೂ ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳಬೇಡಿ.